ಪಕ್ಕದಲ್ಲೊಬ್ಬರು ಇರಲೇಬೇಕೆಂದ ಯೂನಿಯನ್ ಮಾವ

ನಮ್ಮ ಮನೆಯಲ್ಲಿ ಮುಷ್ಕರ ಆಗದೆ ಉಳಿದದ್ದು ದೇವರ ದಯೆ, ಅಷ್ಟೇ! ನನ್ನ ಹೆಂಡತಿಯ ಸೋದರಮಾವ ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ, ಮೈಯೆಲ್ಲ ಯೂನಿಯನ್ ಆಗಿದ್ದ ಮನುಷ್ಯ. ರಿಸೆಶನ್ನಿನಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಒಂಟಿ ಜೀವ, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಶಿಕಾಗೋ ಬಳಿಯ ವುಡ್‌ರಿಡ್ಜ್‌ನ ನಮ್ಮ ಮನೆಗೆ ಬಂದವರು ಹೋಗಲೇ ಇಲ್ಲ.

ಬಂದವರು ಸುಮ್ಮನಿದ್ದರೇ? ಒಂದು ಭಾನುವಾರ ಮನೆ ತುಂಬ ನೆಂಟರು. ಹೆಂಡತಿ ದೋಸೆ ಹುಯ್ಯುತ್ತಿದ್ದಳು. ಮಾವ ಅಡುಗೆಮನೆಗೆ ಕುರ್ಚಿ ತಂದಿಟ್ಟರು.

"ಕೂತ್ಕೋಮ್ಮ, ಬ್ರೇಕು."

"ಮಾವ, ಕಾವಲಿ ಮೇಲೆ ದೋಸೆ ಇದೆ."

"ಎಂಟು ಗಂಟೆ ಕೆಲಸ ಸಾಕು ಅಂತ ಇದೇ ಶಿಕಾಗೋದಲ್ಲಿ ಜನ ಪ್ರಾಣ ಕೊಟ್ಟಿದಾರೆ. ನಿಂದೊಂದು ದೋಸೆ ಹೆಚ್ಚಾ?"

ಆ ಸೀದ ದೋಸೆ ತಿಂದವನು ನಾನು. ಮಾವ ದೇವಸ್ಥಾನದಲ್ಲೂ ಬಿಡಲಿಲ್ಲ. ಮಂಗಳಾರತಿ ತಟ್ಟೆ ಹಿಡಿದು ಬಂದ ಅರ್ಚಕರನ್ನು ತಡೆದು, "ನಿಮಗೆ ವಾರದ ರಜ ಯಾವತ್ತು?" ಎಂದರು. ಅವರು ನಕ್ಕು, "ದೇವರಿಗೇ ರಜ ಇಲ್ಲ, ಅಂಕಲ್" ಎಂದರೆ, "ಹಾಗಾದ್ರೆ ಯೂನಿಯನ್ ಮೆಂಬರ್‌ಶಿಪ್ಪಿಗೆ ದೇವರ ಹೆಸರನ್ನೂ ಬರ್ಕೊಳ್ಳೋಣ" ಎನ್ನಬೇಕೇ!

ನಗುತ್ತಿದ್ದೆನೇ ಹೊರತು ನನಗೆ ಸದಾ ಕೆಲಸದ್ದೇ ಚಿಂತೆ. ಡೌನರ್ಸ್ ಗ್ರೋವ್‌ನ ನಮ್ಮ ಆಫೀಸಿನಲ್ಲಿ ಪ್ರತಿ ಶುಕ್ರವಾರ ಯಾರದೋ ಕುರ್ಚಿ ಖಾಲಿಯಾಗುತ್ತಿತ್ತು. ನಾನು ಕೆಲಸದ ವೀಸಾದ ಮೇಲೆ ಇದ್ದವನು. ಕೆಲಸ ಹೋದರೆ ಮನೆ, ಮಗಳ ಸ್ಕೂಲು, ಈ ದೇಶ ಎಲ್ಲವೂ ಹೋದಂತೆ. ಫೋನು ರಿಂಗಾದರೆ ಮೊದಲು ನಂಬರು ನೋಡಿ ಆಮೇಲೆ ಎತ್ತುತ್ತಿದ್ದೆ.

ಮಾವನದು ಒಂದೇ ಪಾಠ. "ಬಾಸ್ ಕರೆದ್ರೆ ಒಬ್ರೇ ಹೋಗ್ಬೇಡಿ ಅಳಿಯಂದ್ರೇ. ಪಕ್ಕದಲ್ಲಿ ನಮ್ಮೋರೊಬ್ರು ಕೂತಿರ್ಬೇಕು. ಅದು ಹಕ್ಕು."

"ಅದು ಯೂನಿಯನ್ ಇರೋರಿಗೆ, ಮಾವ. ನಮಗೆಲ್ಲಿದೆ?"

"ಇಲ್ಲ ಅಂತ ಒಬ್ರೇ ಹೋಗ್ತೀರಾ?"

ಕೊನೆಗೆ ನನಗೂ ಕರೆ ಬಂತು, ಮಧ್ಯಾಹ್ನ ಮೀಟಿಂಗು ಎಂದು. ಹೆಂಡತಿಗೆ ಹೇಳೋಣವೆಂದು ಮನೆಗೆ ಫೋನು ಮಾಡಿದರೆ ಎತ್ತಿದವರು ಮಾವ. ಬೇಡ ಬೇಡವೆಂದರೂ ಟ್ಯಾಕ್ಸಿ ಹಿಡಿದು ಬಂದೇಬಿಟ್ಟರು. ಟೈ ಕಟ್ಟಿ, ಅದರ ಮೇಲೆ ಬಣ್ಣ ಹೋದ ಯೂನಿಯನ್ ಜಾಕೆಟ್ಟು! ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಎಚ್‌ಆರ್ ಹೆಂಗಸು ಯಾರಿವರು ಎಂದಾಗ, "ಫ್ಯಾಮಿಲಿ" ಎಂದು ಕುರ್ಚಿ ಎಳೆದು ನನ್ನ ಪಕ್ಕ ಕೂತರು. ಬೆಳಗಿನಿಂದ ಇದೇ ಕೆಲಸ ಮಾಡಿ ಆಕೆಗೂ ಸಾಕಾಗಿತ್ತೇನೋ, ಬಾಗಿಲು ಹಾಕಿ ಕೂತಳು.

ಈಗ ಶುರುವಾಗುತ್ತದೆ ಭಾಷಣ ಎಂದು ಹೆದರಿದೆ. ಆಕೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು, ನನ್ನ ಕೆಲಸ ಹೋಯಿತು. ಮಾವ ತುಟಿ ಬಿಚ್ಚಲಿಲ್ಲ. ಟೇಬಲ್ಲಿನ ಕೆಳಗೆ ನನ್ನ ಕೈ ಹಿಡಿದವರು ಎದ್ದು ಹೊರಡುವ ತನಕ ಬಿಡಲಿಲ್ಲ.

ಕಾರಿನಲ್ಲಿ ಮನೆಗೆ ಬರುವಾಗ ಕೇಳಿದೆ. "ಏನಾದ್ರೂ ಹೇಳ್ತೀರಿ ಅಂದ್ಕೊಂಡಿದ್ದೆ, ಮಾವ."

"ಹೇಳೋಕೇನಿರುತ್ತೆ, ಅಳಿಯಂದ್ರೇ?" ಎಂದರು. "ಪ್ಲಾಂಟ್ ಮುಚ್ಚಿದ ದಿನ ನಾನೂ ಕೇಳ್ದೆ, ಪಕ್ಕದಲ್ಲಿ ನಮ್ಮೋರೊಬ್ರು ಬೇಕು ಅಂತ. ಪಕ್ಕ ಕೂರಬೇಕಾದ ಯೂನಿಯನ್ನಿನವನೂ ಅವತ್ತು ಕೆಲಸ ಹೋದೋರ ಸಾಲಲ್ಲಿ ನನ್ನ ಹಿಂದೆ ನಿಂತಿದ್ದ. ಒಬ್ನೇ ಹೋದೆ."

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಈ ಸಲ ಕೈ ಹಿಡಿದುಕೊಂಡವನು ನಾನು.