ಪೇಂಟರ್ ಮೂಗಿಗೆ ಎರಡು ಕೋಟು

ಹೆಂಡತಿ: ರೀ, ಬಾಗಿಲು ದಾಟಿದ್ರೆ ನೋಡಿ! ಮೊದಲು ಮೂಗು ಈ ಕಡೆ ತನ್ನಿ.

ಪೇಂಟರ್: ಬಿಡೇ, ಹೊತ್ತಾಯ್ತು. ಈ ವಯಸ್ಸಲ್ಲಿ ಬೆಳ್ಳಗಾಗಿ ಯಾರಿಗೆ ತೋರಿಸ್ಲಿ?

ಹೆಂಡತಿ: ಬೆಳ್ಳಗಾಗೋಕಲ್ಲ, ಸುಡದೇ ಇರೋಕೆ! ಸನ್‌ಸ್ಕ್ರೀನ್ ಇದು. ದಿನಾ ಹಚ್ಚಲೇಬೇಕು ಅಂತ ಡಾಕ್ಟ್ರು ಹೇಳಿದ್ದು ನಿಮಗೋ, ನಿಮ್ಮ ಏಣಿಗೋ?

ಊರಿನ ಅರ್ಧ ಮನೆಗಳ ಹೊರಗೋಡೆಗೆ ಬಣ್ಣ ಹೊಡೆದ ಮಹಾರಾಯ ಈತ. ಸ್ವಂತ ಮೂಗು ಮಾತ್ರ ಬಿಸಿಲಿಗೆ ಸಿಪ್ಪೆ ಎದ್ದು ಕೆಂಪಗಾಗಿತ್ತು. ತುದಿಯಲ್ಲೊಂದು ಹೊಸ ಕಲೆ ಬೇರೆ.

ಪೇಂಟರ್ (ಅವಳ ಕೈಯಲ್ಲಿದ್ದ ಟ್ಯೂಬ್ ತಿರುಗಿಸಿ ನೋಡುತ್ತ): ಐವತ್ತು ಅಂತ ಬರೆದಿದೆ. ಐವತ್ತು ವರ್ಷ ಗ್ಯಾರಂಟಿನಾ?

ಹೆಂಡತಿ: ಎರಡು ಗಂಟೆ.

ಪೇಂಟರ್: ಎರಡೇ ಗಂಟೆ! ನಾನು ಹೊಡೆದ ಗೋಡೆ ಐದು ಮಳೆಗಾಲ ತಡೆಯುತ್ತೆ ಕಣೇ. ಇಂಥ ಮಾಲು ಹಚ್ಚಿದ್ರೆ ಗಿರಾಕಿ ನನ್ನ ಏಣಿ ಸಮೇತ ಓಡಿಸ್ತಾನೆ!

ಹೆಂಡತಿ: ನಿಮ್ಮ ಗೋಡೆ ಬೆವರುತ್ತಾ? ಗಳಿಗೆಗೊಂದ್ಸಲ ತೋಳಲ್ಲಿ ಮುಖ ಒರೆಸ್ಕೊಳುತ್ತಾ?

ಪೇಂಟರ್: ಇವತ್ತು ಮೋಡ ಇದೆ, ಬೇಡ.

ಹೆಂಡತಿ: ಮೋಡ ಬಂತು ಅಂತ ಸೂರ್ಯ ರಜಾ ಹಾಕಿಲ್ಲ.

ಪೇಂಟರ್: ಏಣಿ ಮೇಲೆ ಘಮಘಮ ಅಂತ ನಿಂತ್ರೆ ಮೇಸ್ತ್ರಿ ನಗ್ತಾನೆ.

ಹೆಂಡತಿ: ನಗಲಿ! ಅವತ್ತು ಡಾಕ್ಟ್ರು ಆ ಕಲೆನ ಮತ್ತೆ ಮತ್ತೆ ನೋಡಿದ್ರಲ್ಲ! ನಿಮಗೇನಾದ್ರೂ ಆದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?

ಪೇಂಟರ್ ತಣ್ಣಗಾದ. ಹೆಗಲ ಮೇಲಿದ್ದ ಏಣಿಯನ್ನು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತ. ಕೂತವನು ಸುಮ್ಮನಿರಬೇಕಲ್ಲ?

ಪೇಂಟರ್: ಸರಿ, ಮಾಡೋದನ್ನ ಅಚ್ಚುಕಟ್ಟಾಗಿ ಮಾಡೋಣ. ಮೊದಲು ಸಿಪ್ಪೆ ಕೆರೀಬೇಕು. ಆ ಉಪ್ಪುಕಾಗದ ಕೊಡು.

ಹೆಂಡತಿ: ಅಯ್ಯೋ! ಮೂಗು ರೀ ಅದು, ಕಿಟಕಿ ಚೌಕಟ್ಟಲ್ಲ!

ಪೇಂಟರ್: ಪ್ರೈಮರ್ರು?

ಹೆಂಡತಿ: ಮುಖ ತೊಳೆದಿದ್ದೀರಲ್ಲ, ಸಾಕು.

ಪೇಂಟರ್: ಹಾಗಾದ್ರೆ ಒಂದು ಕೋಟು ಏನಕ್ಕೂ ಸಾಲದು. ಟ್ಯೂಬ್ ಕೊಡು ಇಲ್ಲಿ. ಕಿವಿ ಬಿಟ್ರೆ ಹೇಗೆ? ಕತ್ತಿನ ಹಿಂದೆ? ಮೂಲೆ ಬಿಡೋನು ಪೇಂಟರೇ ಅಲ್ಲ!

ಮೊದಲ ಕೋಟು ಮುಗಿಯಿತು. ಅದು ಒಣಗುವ ತನಕ ಆಸಾಮಿ ತುಟಿ ಬಿಚ್ಚಲಿಲ್ಲ, ಬಿರುಕು ಬಿಟ್ಟೀತು ಎಂಬ ಭಯ. ಎರಡನೆಯದೂ ಬಿತ್ತು. ಟ್ಯೂಬ್ ಚಪ್ಪಟೆಯಾಯಿತು, ಮುಖ ಸುಣ್ಣ ಬಳಿದ ಕಾಂಪೌಂಡ್ ಆಯಿತು. ಕನ್ನಡಿಯಲ್ಲಿ ತನ್ನ ಕೆಲಸ ನೋಡಿ ಅವನಿಗೆ ಹೆಮ್ಮೆಯೋ ಹೆಮ್ಮೆ.

ಪೇಂಟರ್: ಎಲ್ಲಿ, ನೀನು ಹಚ್ಕೊಂಡ್ಯಾ?

ಹೆಂಡತಿ: ನನಗ್ಯಾಕೆ? ತಾರಸಿ ಮೇಲೆ ಬಟ್ಟೆ ಹಾಕಿ ಬರ್ತೀನಿ, ಅಷ್ಟೇ.

ಪೇಂಟರ್: ತಾರಸಿ ಮೇಲಿನ ಸೂರ್ಯ ಏನು ನಿನ್ನ ತವರುಮನೆಯವನಾ, ಮುಲಾಜು ನೋಡೋಕೆ?

ಹೆಂಡತಿ: ಅಲ್ರೀ, ಟ್ಯೂಬ್ ಪೂರ್ತಿ ನೀವೇ ಮುಗಿಸಿದ್ರಲ್ಲ!

ಅವನು ತನ್ನ ಕೆನ್ನೆಗಳಿಂದ ಎರಡೂ ಅಂಗೈ ತುಂಬ ಬಾಚಿಕೊಂಡು, ಅವಳ ಕೆನ್ನೆಗಳಿಗೆ ಮೆತ್ತಿಬಿಟ್ಟ.

ಹೆಂಡತಿ: ಥೂ, ಬಿಡ್ರೀ! ಎದುರುಮನೆಯವರು ಬಾಗಿಲಲ್ಲೇ ನಿಂತು ನೋಡ್ತಿದ್ದಾರೆ!

ಪೇಂಟರ್: ನೋಡ್ಲಿ. ‘ಬಣ್ಣ ಹಸಿ ಇದೆ, ಯಾರೂ ಮುಟ್ಟಬೇಡಿ’ ಅಂತ ನಿನ್ನ ಕತ್ತಿಗೊಂದು ಬೋರ್ಡ್ ನೇತುಹಾಕಿಯೇ ಹೋಗ್ತೀನಿ!