ಒಂದೇ ಚಿಟಿಕೆ

ಫ್ಲಾಸ್ಕಿನಲ್ಲಿದ್ದ ದ್ರಾವಣ ಬರೀ ನೀರಿನಂತೆ ಕಾಣುತ್ತಿದ್ದುದೇ ಎಲ್ಲ ತಾಪತ್ರಯಕ್ಕೂ ಕಾರಣ.

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಮಡಚಪ್ಪ ಎನ್ನುತ್ತಿದ್ದರು. ಕಣ್ಣಿಗೆ ಕಾಣದ ಪಾಲಿಮರ್ ಎಳೆಗಳನ್ನು ಮಡಚುವುದು ಅವನ ಕೆಲಸ. ಒಂದೊಂದು ಎಳೆಯ ಉದ್ದಕ್ಕೂ ಅಂಟಿಕೊಳ್ಳುವ ಪುಟ್ಟ ಕೈಗಳು. ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಎಳೆ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಮುದುಡಿ, ನ್ಯಾನೋ ಉಂಡೆಯಾಗುತ್ತದೆ. ಗುಂಪು ಸೇರಿತೋ, ಸಿಕ್ಕಸಿಕ್ಕವರ ಕೈ ಹಿಡಿದು ಇಡೀ ದ್ರಾವಣ ಜೆಲ್ಲಿಯಾಗಿ ಕೂರುತ್ತದೆ. ಅದಕ್ಕೇ ಅಷ್ಟು ದೊಡ್ಡ ಫ್ಲಾಸ್ಕಿಗೆ ಒಂದೇ ಚಿಟಿಕೆ ಪುಡಿ. ಮನೆಯಲ್ಲಿ ಒಂದು ಹೊದಿಕೆ ನೆಟ್ಟಗೆ ಮಡಚಲು ಬಾರದವನಿಗೆ ಈ ಕೆಲಸ ಯಾರು ಕೊಟ್ಟರೋ ಎಂದು ಹೆಂಡತಿಗೆ ಇನ್ನೂ ಆಶ್ಚರ್ಯ.

ಇವತ್ತು ಔಷಧ ಕಂಪನಿಯ ಅಧಿಕಾರಿ ಬರುವವರಿದ್ದರು. ಔಷಧ ಹೊತ್ತೊಯ್ಯಬಲ್ಲ ಆ ಉಂಡೆ ತೋರಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಾಳೆಯಿಂದ ಮನೆಯಲ್ಲೇ.

"ಅಲ್ಲಯ್ಯ, ಇದರಲ್ಲಿ ಏನೂ ಕಾಣ್ತಾನೇ ಇಲ್ವಲ್ಲ! ಬಂದವರು ನಲ್ಲಿ ನೀರು ಅಂದ್ಕೊಂಡಾರು," ಎಂದರು ಪಕ್ಕದ ಮೇಜಿನ ಹಿರಿಯರು.

"ಕಾಣಬಾರದು ಸಾರ್. ಅದು ಇರೋದೇ ಹಾಗೆ."

"ಇನ್ನೊಂಚೂರು ಹಾಕಪ್ಪ, ಇಷ್ಟು ಜಿಪುಣತನ ಯಾಕೆ?" ಎಂದರು ಸಾಮಾನಿನ ಕೋಣೆ ನೋಡಿಕೊಳ್ಳುವ ಅಕ್ಕ.

"ದಮ್ಮಯ್ಯ, ಯಾರೂ ಮುಟ್ಟಬೇಡಿ," ಎಂದು ಕೈಮುಗಿದು, ಬಿಸಿ ದ್ರಾವಣವನ್ನು ಆರಲು ಬಿಟ್ಟು, ಮಡಚಪ್ಪ ಅಧಿಕಾರಿಯನ್ನು ಕರೆತರಲು ಹೋದ.

ಅವರೊಂದಿಗೆ ಮರಳಿ ಬಂದಾಗ ಪ್ರಯೋಗಾಲಯದ ನಿರ್ದೇಶಕಿ ಫ್ಲಾಸ್ಕನ್ನು ಓರೆ ಮಾಡಿ ನೋಡುತ್ತಿದ್ದರು. ಒಳಗಿದ್ದದ್ದು ಅಲುಗಲಿಲ್ಲ. ತಲೆಕೆಳಗು ಮಾಡಿದರು. ಆಗಲೂ ಒಂದು ಹನಿ ಬೀಳಲಿಲ್ಲ.

ಹಿರಿಯರು ಕಿಟಕಿಯಾಚೆ ನೋಡುತ್ತಿದ್ದರು. ಅಕ್ಕ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು.

"ಇದು ನನ್ನದಲ್ಲ ಮೇಡಂ!" ಜೀವಮಾನದಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. "ನಾನು ಹಾಕಿದ್ದು ಒಂದೇ ಚಿಟಿಕೆ. ಈ ಜೆಲ್ಲಿಗೂ ನನಗೂ ಏನೇನೂ ಸಂಬಂಧ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ." ಮಾಡಿಯೂ ಬಿಟ್ಟ.

ಅಷ್ಟರಲ್ಲಿ ಅಧಿಕಾರಿ ಒಂದು ತುಂಡು ಜೆಲ್ಲಿಯನ್ನು ತೆಗೆದು ಹರಿದರು. ಎರಡು ಚೂರನ್ನೂ ಒಟ್ಟಿಗೆ ಒತ್ತಿದರು. ಹರಿದ ಗುರುತೇ ಇಲ್ಲದಂತೆ ಅವು ಕೂಡಿಕೊಂಡವು.

"ಸುಟ್ಟ ಗಾಯಕ್ಕೆ ಹಚ್ಚೋಕೆ ನಾವು ಹುಡುಕ್ತಾ ಇದ್ದದ್ದು ಇಂಥದ್ದನ್ನೇ!" ಎಂದರು. "ಯಾರು ಮಾಡಿದ್ದು?"

ಹಿರಿಯರು ಕೆಮ್ಮಿದರು. "ಒಂದು ಚಮಚ ಪುಡಿ ನಾನು ಹಾಕಿದ್ದೆ."

"ಎರಡು ನಂದು," ಎಂದರು ಅಕ್ಕ, ಬಟ್ಟೆ ಕೆಳಗಿಟ್ಟು.

"ಮೇಡಂ, ಆದರೂ ಆ ಪುಡಿ ನನ್ನ..."

"ಸಂಬಂಧವೇ ಇಲ್ಲ ಅಂತ ನೀವೇ ಆಣೆ ಮಾಡಿದ್ರಲ್ಲ," ಎಂದರು ನಿರ್ದೇಶಕಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವರು ಮೆಲ್ಲಗೆ, ಮರುಕದಿಂದ ಹೇಳಿದ್ದು ಅವನನ್ನು ಬಹಳ ನೋಯಿಸಿತು.

ಸಂಜೆ ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆಗಳ ನಡುವೆ ಕೂತಿದ್ದಳು. "ಏನ್ರೀ, ಎಳೆಗಳು ಮಡಚಿಕೊಂಡ್ವಾ?"

"ಅವುಗಳ ಪಾಡಿಗೆ ಬಿಟ್ಟಿದ್ರೆ ಮಡಚ್ಕೋತಿದ್ವು ಕಣೆ."

ಅವಳಿಗೆ ಅರ್ಥವಾಯಿತು. ಒಂದು ಹೊದಿಕೆ ಎತ್ತಿ ಕೊಟ್ಟಳು. ಮಡಚಪ್ಪ ಅಂಚಿಗೆ ಅಂಚು ಕೂಡಿಸಿದ, ಸುಕ್ಕು ನೀವಿದ, ಮತ್ತೊಂದು ಮಡಿಕೆ ಹಾಕಿದ. ಮೊದಲ ಸಲ ಅದು ನೆಟ್ಟಗೆ ಬರುತ್ತಿತ್ತು.

ಒಳಗಿನಿಂದ ಅತ್ತೆ ಬಂದರು.

"ಅಯ್ಯೋ, ಹಾಗಲ್ಲ ಅಳಿಯಂದ್ರೇ, ಕೊಡಿ ಇಲ್ಲಿ."