ಎಂಟು ಮನೆ, ಮೂರು ಪೆಟ್ಟು

ಎಡವಟ್ಟು ನನ್ನನ್ನು ಹುಡುಕಿಕೊಂಡು ಬರುವುದಲ್ಲ, ನಾನು ಹೋಗುವ ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ಶಿರಸಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಜೊತೆಗೊಂದು ಹುಚ್ಚು: ಕಂಪ್ಯೂಟರಿನಲ್ಲಿ ವೃತ್ತ ಬರೆದು ಅದರಿಂದ ತಾಳ ಹುಟ್ಟಿಸುವುದು. ಅದಕ್ಕೆ ಲ್ಯಾಬು ಕೇಳಿದರೆ ಪ್ರಾಂಶುಪಾಲರು ಶರತ್ತು ಹಾಕಿದ್ದರು: "ನಿಮ್ಮ ಮದ್ದಳೆ ಗುರುಗಳು 'ಅಡ್ಡಿಲ್ಲೆ' ಅಂದರೆ ಶನಿವಾರ ಲ್ಯಾಬು ನಿಮಗೆ. ಇಲ್ಲದಿದ್ದರೆ ಬೀಗ."

ಅಡ್ಡಿಲ್ಲೆ ಅಂದರೆ ಪರವಾಗಿಲ್ಲ ಅಂತ; ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸಿದ್ದಾಪುರದಿಂದ ಬಂದು ನನಗೆ ಕಲಿಸುತ್ತಿದ್ದ ಗುರುಗಳು ನಾಲ್ಕು ವರ್ಷದಲ್ಲಿ ಒಮ್ಮೆಯೂ ಅದನ್ನು ಅಂದವರಲ್ಲ.

ಹಪ್ಪಳದ ಹುಳ

ವೃತ್ತದ ಅಂಚಿಗೆ ಎಂಟು ಮನೆ. ಅದರಲ್ಲಿ ಮೂರು ಪೆಟ್ಟನ್ನು ಆದಷ್ಟು ಸಮನಾಗಿ ಹಂಚಬೇಕು. ಪೂರ್ತಿ ಸಮ ಬರುವುದಿಲ್ಲ. ಮೂರು, ಮೂರು, ಎರಡು. ಆ ಕುಂಟಿನಲ್ಲೇ ಕುಣಿತ ಇರುವುದು! ಅತ್ತೆಯ ಜೊತೆ ಹಲಸಿನ ಹಪ್ಪಳ ಒತ್ತುವಾಗಲೂ ನನಗೆ ಇದೇ ಧ್ಯಾನ. ಅರಿವಿಲ್ಲದೆ ಪ್ರತಿ ಹಪ್ಪಳದ ಅಂಚಿಗೂ ಕಡ್ಡಿಯಿಂದ ಮೂರು ತೂತು ಚುಚ್ಚಿದ್ದೆ. ಅತ್ತೆ ಅದನ್ನೇ ಇಸಳೂರಿನ ನೆಂಟರಿಗೆ ಕೊಟ್ಟರು.

ವಾರ ಕಳೆದು ಆ ಮನೆಯಾಕೆ ಬಂದರು. "ಅತ್ತಿಗೆ, ಹಪ್ಪಳಕ್ಕೆ ಹುಳ ಬಿದ್ದಿದ್ದು. ಆದರೆ ನಿಮ್ಮನೆ ಹುಳ ಭಾರೀ ಶಿಸ್ತಿಂದು, ಎಲ್ಲದಕ್ಕೂ ಒಂದೇ ನಮೂನೆ ಕೊರದ್ದು!"

ಅತ್ತೆ ನನ್ನ ಕಡೆ ಕೈ ತೋರಿಸಿದರು. "ಆ ಹುಳ ಇಲ್ಲೇ ಕೂತಿದ್ದು ನೋಡು."

ಬಿಡುವ ಲೆಕ್ಕ

ನನ್ನ ಪ್ರೋಗ್ರಾಮಿನಲ್ಲಿ ಎಲ್ಲ ಸಣ್ಣ ಸಣ್ಣ ಫಂಕ್ಷನ್‌ಗಳು. ಒಂದು ಪೆಟ್ಟು ಹಂಚುತ್ತದೆ, ಇನ್ನೊಂದು ವೃತ್ತ ತಿರುಗಿಸುತ್ತದೆ. ಯಾವುದೂ ಕೈಗೆ ಬಂದದ್ದನ್ನು ಕೆಡಿಸುವುದಿಲ್ಲ, ಹೊಸದೊಂದು ಮಾಡಿ ಮುಂದಿನದಕ್ಕೆ ಕೊಡುತ್ತದೆ. ಇದನ್ನೆಲ್ಲ ಗುರುಗಳಿಗೆ ಅರ್ಧ ತಾಸು ವಿವರಿಸಿದೆ. ಅವರು ಎಲೆ ಅಡಿಕೆಯ ಕವಳ ಹಾಕಿಕೊಂಡು ಕೇಳಿದರು, "ತಂಗೀ, ಪೆಟ್ಟು ಯಾರು ಬೇಕಾದರೂ ಹಾಕ್ತ. ಎಲ್ಲಿ ಬಿಡಬೇಕು ಹೇಳಿ ಅದಕ್ಕೆ ಗೊತ್ತಿದ್ದಾ?"

"ಗೊತ್ತಿದ್ದು. ಎಂಟರಲ್ಲಿ ಐದು ಕಡೆ ಬಿಡ್ತು."

"ಐದಾ? ನೀನು ಅರ್ಧ ತಾಸಿಂದ ಒಂದು ಕಡೆಗೂ ಬಿಟ್ಟಿದ್ದಿಲ್ಲೆ!"

ಮೇಜಿನಡಿಯ ಪೆಟ್ಟಿಗೆ

ಕೊನೆಗೆ ಕಾಲೇಜಿನ ವಾರ್ಷಿಕೋತ್ಸವ ಬಂತು. ಕಂಪ್ಯೂಟರಿನ ತಾಳ, ಗುರುಗಳ ಮದ್ದಳೆ, ಐದು ನಿಮಿಷ. ಶುರುವೇನೋ ಚೆಂದವೇ ಆಯಿತು. ಆದರೆ ವೃತ್ತ ಸುತ್ತುತ್ತಲೇ ಇರಲಿ ಅಂತ ಬರೆದವಳು, ಎಷ್ಟು ಸುತ್ತು ಸಾಕು ಅಂತ ಹೇಳುವುದನ್ನೇ ಮರೆತಿದ್ದೆ. ಗುರುಗಳು ಮುಕ್ತಾಯ ನುಡಿಸಿದರು. ಕಂಪ್ಯೂಟರ್ ನಿಲ್ಲಲಿಲ್ಲ. ಇನ್ನೊಮ್ಮೆ ನುಡಿಸಿದರು. ಊಹೂಂ! ಯಲ್ಲಾಪುರದಿಂದ ಬಂದ ಅತಿಥಿಗಳು ಚಪ್ಪಾಳೆಗೆಂದು ಮೂರು ಸಲ ಕೈ ಎತ್ತಿ ಇಳಿಸಿದರು. ನಾನು ಒತ್ತದ ಕೀಲಿ ಇಲ್ಲ. ಹೋಯ್ತು ಲ್ಯಾಬು ಅಂದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು. ಸ್ಪೀಕರ್ ಬಾಯಿ ಮುಚ್ಚಿತು. ಮೇಜಿನಡಿಯ ಯುಪಿಎಸ್ ಮಾತ್ರ ಟೀಂ, ಟೀಂ, ಟೀಂ ಅಂತ ಕೂಗತೊಡಗಿತು. ಗುರುಗಳು ಒಂದು ಕ್ಷಣ ಕಿವಿಗೊಟ್ಟರು. ಅದನ್ನೇ ತಾಳ ಮಾಡಿಕೊಂಡು ಅಂಥಾ ಮುಕ್ತಾಯ ನುಡಿಸಿದರು ನೋಡಿ, ಸಭೆಗೆ ಸಭೆಯೇ ಎದ್ದು ನಿಂತಿತು. ನನ್ನ ಮಾನ ಉಳಿಸಿದ ಆ ಕೈಗಳಿಗೆ ಇವತ್ತಿಗೂ ಋಣಿ ನಾನು. ಕರೆಂಟು ತೆಗೆದ ಪುಣ್ಯಾತ್ಮನಿಗೂ.

ಪ್ರಾಂಶುಪಾಲರು ಓಡಿ ಬಂದರು. "ಹೇಗಿತ್ತು ಗುರುಗಳೇ?"

ಗುರುಗಳು ಮೇಜಿನಡಿಗೆ ಬೆರಳು ತೋರಿಸಿದರು. "ಆ ಪೆಟ್ಟಿಗೆ ಅಡ್ಡಿಲ್ಲೆ. ಲಯ ತಪ್ತಿಲ್ಲೆ."

ಲ್ಯಾಬಿನ ಬೀಗದ ಕೈ ಅವತ್ತೇ ನನ್ನ ಕೈಗೆ ಬಂತು. ಆ ಪೆಟ್ಟಿಗೆ ಕಂಪ್ಯೂಟರ್ ಅಲ್ಲ, ಬರೀ ಬ್ಯಾಟರಿ ಅಂತ ಪ್ರಾಂಶುಪಾಲರಿಗೆ ನಾನು ಇನ್ನೂ ಹೇಳಿಲ್ಲ.